ಖಂಡೇಪೂಜೆಗೆ ಬಂದ್ ಮಾಡಿದ ಡಬ್ಬಿ

ಸಾಲಗಟ್ಟಿಯ ನಾಲ್ಕು ಸಾವಿರದ ನೂರಾ ಹನ್ನೆರಡು ಡಬ್ಬಿಗಳಿಗೂ ಒಂದೇ ಪಾಸ್‌ವರ್ಡ್ ಇತ್ತು. ಅದು ಊರಿನ ಪಿನ್‌ಕೋಡ್. ನಾನು ತಮಾಷೆ ಮಾಡುತ್ತಿಲ್ಲ. ಡಬ್ಬಿಗಳನ್ನು ಗೋಡೆಗೆ ಕೂಡಿಸಿದ ಗುತ್ತಿಗೆದಾರನನ್ನು ನಾನೇ ಖುದ್ದಾಗಿ ಕೇಳಿದ್ದೆ. "ನಮ್ಮ ಹುಡುಗ್ರು ಮರೀಬಾರದಲ್ರೀ ಮೇಡಂ, ಅದಕ್ಕ ಹಂಗ ಇಟ್ಟೀನಿ," ಎಂದು ಬಹಳ ಜಾಣತನ ಮಾಡಿದವನಂತೆ ಹೇಳಿದ. ಹೊರಗಿನವರಿಗೆ ನಮ್ಮೂರಿನ ಪಿನ್‌ಕೋಡ್ ಹೇಗೆ ಗೊತ್ತಾಗಬೇಕು ಎಂಬುದು ಅವನ ಧೈರ್ಯ. ಒಂದು ಪೋಸ್ಟ್‌ಕಾರ್ಡ್ ಬರೆದವರಿಗೆಲ್ಲ ಗೊತ್ತಿರುವ ಸಂಖ್ಯೆ ಅದು.

ಸಾಲಗಟ್ಟಿ ವಿದ್ಯುತ್ ಮಗ್ಗದ ಊರು. ನಾನು ಪ್ರಮೀಳಾ, ಇಲ್ಲಿನ ಮಗ್ಗ ವಿದ್ಯುತ್ ಕೇಂದ್ರದಲ್ಲಿ ಇಂಜಿನಿಯರ್. ಆರು ವರ್ಷದ ಹಿಂದೆ ನೇಕಾರರ ಪ್ರತಿ ಮನೆಗೂ ಒಂದು ಡಬ್ಬಿ ಬಂತು. ಕಾಗದದ ಮೇಲೆ ಅದರ ಹೆಸರು ಮಗ್ಗಸಾಥಿ, ಜನರ ಬಾಯಲ್ಲಿ ಬರೀ ಡಬ್ಬಿ. ಇಂಟರ್‌ನೆಟ್ ಮೂಲಕ ಕೇಂದ್ರದ ಜೊತೆ ಮಾತಾಡುತ್ತ ಅದು ಮಗ್ಗಗಳನ್ನು ಓಣಿಯ ಸರದಿಯಲ್ಲಿ ಚಾಲೂ ಮಾಡುತ್ತಿತ್ತು. ಮೋಟಾರು ಎದ್ದೇಳುವ ಕ್ಷಣದಲ್ಲಿ ಐದಾರು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಊರಿನ ಮೋಟಾರುಗಳೆಲ್ಲ ಒಟ್ಟಿಗೆ ಎದ್ದರೆ ಸಬ್‌ಸ್ಟೇಷನ್ ತಡೆಯುವುದಿಲ್ಲ. ಡಬ್ಬಿಗೆ ಇನ್ನೊಂದು ಕೆಲಸವೂ ಇತ್ತು. ಮನೆಯಲ್ಲಿ ಆಕ್ಸಿಜನ್ ಮಷೀನಿನ ಮೇಲೆ ಬದುಕಿರುವ ರೋಗಿ ಇದ್ದರೆ, ಕರೆಂಟು ಹೋದ ತಕ್ಷಣ ತನ್ನ ಹೊಟ್ಟೆಯೊಳಗಿನ ಬ್ಯಾಟರಿಯಿಂದ ಆ ಮಷೀನು ನಡೆಸುವುದು. ಅರಳೆಯ ಧೂಳು ಕುಡಿದೂ ಕುಡಿದೂ ಪುಪ್ಪುಸ ಕಳೆದುಕೊಂಡವರ ಇಂಥ ಮನೆಗಳು ಅರವತ್ತೆರಡು ಇದ್ದವು.

ಅದರಲ್ಲಿ ಒಂದು ನಾನು ಬಾಡಿಗೆಗೆ ಇದ್ದ ಮನೆ. ಮೇಲಿನ ಕೋಣೆಯಲ್ಲಿ ನಾನು, ಕೆಳಗೆ ಮಲ್ಲೇಶಣ್ಣ ಮತ್ತು ಗುರವಕ್ಕ. ಮಲ್ಲೇಶಣ್ಣನಿಗೆ ಐವತ್ನಾಲ್ಕು. ಮೂಗಿಗೆ ನಳಿಗೆ ಹಾಕಿಕೊಂಡು ಪಡಸಾಲೆಯ ಮಂಚದ ಮೇಲೆ ಕುಳಿತಿರುತ್ತಿದ್ದ. ಪಕ್ಕದ ಮಗ್ಗದ ಮನೆಯಲ್ಲಿ ಗುರವಕ್ಕ ಒಬ್ಬಳೇ ಎರಡು ಮಗ್ಗ ನಡೆಸುತ್ತಿದ್ದಳು. ಸಪ್ಪಳ ಕೇಳಿಯೇ ಅವನು ಕುಳಿತಲ್ಲಿಂದ, "ಎಡಗಡೇದರಾಗ ಎಳಿ ಕಡದೈತಿ ನೋಡು," ಎನ್ನುತ್ತಿದ್ದ. ಬಹಳ ಸಲ ಖರೆಯೂ ಆಗಿರುತ್ತಿತ್ತು.

ಹೋದ ವರ್ಷ ಒಂದು ಮಧ್ಯಾಹ್ನ ಡಬ್ಬಿಗಳು ನಮ್ಮನ್ನು ಬಿಟ್ಟು ಬೇರೆ ಯಾರ ಜೊತೆಗೋ ಮಾತಾಡತೊಡಗಿದವು. ನನಗೆ ಅರ್ಥವಾಗಲು ಎರಡು ದಿನ ಹಿಡಿಯಿತು. ಎಲ್ಲಿಯದೋ ಒಂದು ದುಷ್ಟ ಪ್ರೋಗ್ರಾಂ ಪ್ರಪಂಚದಲ್ಲಿರುವ ಇಂಥ ಬಡಪಾಯಿ ಯಂತ್ರಗಳ ಬಾಗಿಲನ್ನೆಲ್ಲ ಒಂದೊಂದಾಗಿ ತಟ್ಟುತ್ತ ಬರುತ್ತದೆ. ಸುಲಭದ ಪಾಸ್‌ವರ್ಡ್ ಇದ್ದಲ್ಲಿ ಒಳಗೆ ಹೊಕ್ಕು, ತನ್ನ ಹಿಂದೆ ಬಾಗಿಲು ಹಾಕಿಕೊಳ್ಳುತ್ತದೆ. ಒಂದು ಡಬ್ಬಿಗೆ ಹೊಕ್ಕರೆ ಅದರಿಂದ ಪಕ್ಕದ್ದಕ್ಕೆ, ಅಲ್ಲಿಂದ ಓಣಿಗೆ. ಹೀಗೆ ಕೂಡಿಸಿದ ಲಕ್ಷಾಂತರ ಯಂತ್ರಗಳ ದಂಡನ್ನು ಅದರ ಒಡೆಯ ಬಾಡಿಗೆಗೆ ಬಿಡುತ್ತಾನೆ. ಹಣ ಕೊಟ್ಟವನು ತೋರಿಸಿದ ವೆಬ್‌ಸೈಟಿನ ಮೇಲೆ ಎಲ್ಲವೂ ಒಟ್ಟಿಗೆ ಮುಗಿಬಿದ್ದು ಅದನ್ನು ಉಸಿರುಗಟ್ಟಿಸುತ್ತವೆ. ಹಾಗೆ ಮುಗಿಬಿದ್ದಾಗ ನಮ್ಮ ಡಬ್ಬಿಯಂಥ ಸಣ್ಣ ಯಂತ್ರಕ್ಕೆ ತನ್ನ ಮನೆಯ ಕೆಲಸ ಮಾಡಲು ಪುರುಸೊತ್ತು ಇರುವುದಿಲ್ಲ.

ನಾನು ಮೇಲಧಿಕಾರಿ ಕಂದಗಲ್ಲ ಸಾಹೇಬರ ಮುಂದೆ ವರದಿ ಇಟ್ಟೆ. ಪಾಸ್‌ವರ್ಡ್ ಬದಲಾಯಿಸಬೇಕಾದರೆ ಡಬ್ಬಿಯ ಕಾಯಂ ನೆನಪಿಗೆ ಕೈಹಾಕಬೇಕು. ಅದಕ್ಕೆ ಡಬ್ಬಿ ತಯಾರಿಸಿದ ಕಂಪನಿ ತನ್ನದೊಂದು ಬೀಗ ಹಾಕಿತ್ತು. ಕಂಪನಿ ಮುಚ್ಚಿ ಮೂರು ವರ್ಷವಾಗಿತ್ತು.

"ಪತ್ರ ಬರದೈತಿ. ಉತ್ತರ ಬರ್ಲಿ ತಡೀರಿ," ಎಂದರು ಸಾಹೇಬರು.

"ಆ ಅಡ್ರೆಸ್ಸಿನಾಗ ಈಗ ಟೈಲ್ಸ್ ಅಂಗಡಿ ಐತ್ರೀ ಸರ್."

"ಇರ್ಲಿ. ನಮ್ಮ ಕಡಿಂದ ಪತ್ರ ಹೋಗೈತಿ ಅಂತ ಫೈಲಿನಾಗ ಇರಬೇಕು."

ಆ ಫೈಲು ಈಗಲೂ ಅಚ್ಚುಕಟ್ಟಾಗಿದೆ. ಒಂದು ಕಾಗದವೂ ಹೆಚ್ಚುಕಡಿಮೆ ಆಗಿಲ್ಲ.

ಕೊನೆಗೆ ನಾನೇ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದಕ್ಕೆ ಕಾವಲು ಎಂದು ಹೆಸರಿಟ್ಟೆ. ಅದೂ ಕಳ್ಳನಂತೆಯೇ ಪಿನ್‌ಕೋಡ್ ಹೊಡೆದು ಡಬ್ಬಿಯೊಳಗೆ ಹೋಗುತ್ತಿತ್ತು. ಹೋದ ಮೇಲೆ ಬೇರೇನೂ ಮಾಡದೆ ಒಳಗಿನಿಂದ ಚಿಲಕ ಹಾಕಿಕೊಂಡು ಕೂಡುತ್ತಿತ್ತು. ಒಂದೇ ಕೊರತೆ. ಕಾಯಂ ನೆನಪಿಗೆ ಬೀಗ ಇದ್ದುದರಿಂದ ಅದು ತಾತ್ಕಾಲಿಕ ನೆನಪಿನಲ್ಲಿ ಮಾತ್ರ ಇರಬೇಕಿತ್ತು. ಡಬ್ಬಿಯ ಕೆಳಗಿನ ಸ್ವಿಚ್ ಬಂದ್ ಮಾಡಿದರೆ ಕಳ್ಳನೂ ಅಳಿಯುತ್ತಾನೆ, ಕಾವಲೂ ಅಳಿಯುತ್ತದೆ. ಮತ್ತೆ ಚಾಲೂ ಮಾಡಿದಾಗ ಯಾರು ಮೊದಲು ಹೊಗುತ್ತಾರೋ ಡಬ್ಬಿ ಅವರದು. ತಪಾಸಣೆಯ ನೆವ ಹೇಳಿ ಒಂದೊಂದೇ ಓಣಿಯ ಡಬ್ಬಿಗಳನ್ನು ಒಮ್ಮೆ ಬಂದ್ ಮಾಡಿಸಿ, ಕಳ್ಳನಿಗಿಂತ ಮೊದಲು ಕಾವಲನ್ನು ಕೂಡಿಸಿದೆ. ಅದಕ್ಕೆಂದೇ ನನ್ನ ಮೇಜಿನ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇಟ್ಟಿದ್ದೆ. ಅದು ಊರಿನ ಡಬ್ಬಿಗಳನ್ನೆಲ್ಲ ಸದಾ ಸುತ್ತುತ್ತ, ಎಲ್ಲಿ ಕಾವಲು ಅಳಿದಿದೆಯೋ ಅಲ್ಲಿ ಅರೆಗಳಿಗೆಯಲ್ಲಿ ಮತ್ತೆ ಕೂಡಿಸುತ್ತಿತ್ತು. ಹನ್ನೊಂದು ತಿಂಗಳು ಆ ಪರದೆಯ ಮೇಲೆ ೪೧೧೨ ಎಂಬ ಅಂಕಿ ಅಲುಗಾಡಲಿಲ್ಲ. ದಿನಾ ಬೆಳಿಗ್ಗೆ ಅದನ್ನು ನೋಡಿ ಚಹಾ ಕುಡಿಯುವುದೇ ನನಗೆ ಒಂದು ಸುಖವಾಗಿತ್ತು.

ಯಾರಿಗೂ ಹೇಳಿರಲಿಲ್ಲ. ಅಪ್ಪಣೆಯಿಲ್ಲದೆ ಸರಕಾರದ ಯಂತ್ರದೊಳಗೆ ನುಗ್ಗಿದ್ದೆ. ಒಳ್ಳೆಯದಕ್ಕೆ ನುಗ್ಗಿದೆ ಎಂದರೆ ಕೇಳುವವರು ಯಾರೂ ಇಲ್ಲ. ನೌಕರಿ ಹೋಗುತ್ತಿತ್ತು, ಅದರ ಹಿಂದೆ ಪೊಲೀಸರು ಬರುತ್ತಿದ್ದರು. ಹೀಗಾಗಿ 'ಡಬ್ಬಿ ಬಂದ್ ಮಾಡಬೇಡಿ' ಎಂದು ಊರಿಗೆ ಹೇಳುವ ಹಾಗಿರಲಿಲ್ಲ. ಯಾಕೆ ಎಂದು ಕೇಳಿದರೆ ಏನು ಹೇಳಲಿ? ಹೇಗೂ ಯಾರೂ ಸುಮ್ಮಸುಮ್ಮನೆ ಅದನ್ನು ಬಂದ್ ಮಾಡುತ್ತಿರಲಿಲ್ಲ. ವರ್ಷಕ್ಕೆ ಎರಡು ಪೂಜೆಯ ದಿನ ಬಿಟ್ಟು.

ಖಂಡೇಪೂಜೆ ಎಂದರೆ ನವಮಿಯ ಆಯುಧಪೂಜೆ. ಅದರ ಹಿಂದಿನ ದಿನ ಸಂಜೆ ನಾನು ಕೆಲಸದಿಂದ ಬಂದಾಗ ಗುರವಕ್ಕ ಮಗ್ಗ ಒರೆಸುತ್ತಿದ್ದಳು. ಲಾಳಿ, ಕತ್ತರಿ, ಎಣ್ಣೆಯ ಡಬರಿ ಎಲ್ಲ ತೊಳೆದು ಸಾಲಾಗಿ ಇಟ್ಟಿದ್ದಳು. ಗೋಡೆಯ ಮೇಲಿನ ಡಬ್ಬಿಯ ಧೂಳನ್ನೂ ಸೆರಗಿನಿಂದ ಒರೆಸಿದಳು.

"ಪ್ರಮೀಳಾ, ನಾಳೆ ಊಟ ಕೆಳಗ ಮಾಡು. ಹೋಳಿಗಿ ಮಾಡಾಕತ್ತೀನಿ," ಎಂದಳು.

"ಆಫೀಸಿನಾಗೂ ಪೂಜಾ ಐತಿ ಅಕ್ಕಾ. ಮುಗಿಸಿಕೊಂಡು ಬರ್ತೀನಿ."

ಮಲ್ಲೇಶಣ್ಣ ನಕ್ಕ. ನಗುವುದಕ್ಕೂ ಅವನು ಉಸಿರು ಕೂಡಿಸಿಕೊಳ್ಳಬೇಕಿತ್ತು. "ನಿಮ್ಮ ಆಫೀಸಿನ ಮಷೀನಿಗೆ ಪೂಜಾ ಯಾಕ್ ಬೇಕವಾ? ಅವೇನು ಒಂದ್ ಮಾರು ಬಟ್ಟಿ ನೇಯ್ತಾವೇನು?"

"ನೀವು ನೇಯ್ದದ್ದನ್ನ ಎಣಸ್ತಾವ ಅಣ್ಣಾ."

"ಎಣಿಸೋರಿಗೇನು ಕಮ್ಮಿ ಇಲ್ಲ ಬಿಡು ಈ ದೇಶದಾಗ," ಎಂದ.

ಗುರವಕ್ಕ ಡಬ್ಬಿಗೆ ಒಂದು ಚೆಂಡುಹೂವಿನ ಮಾಲೆ ಅಳತೆ ಹಿಡಿದು ನೋಡುತ್ತಿದ್ದಳು. "ಇದನ್ನೂ ನಾಳೆ ಬಂದ್ ಮಾಡಿ ಕುಂಕುಮ ಹಚ್ಚತೀನಿ. ವರ್ಷಪೂರ್ತಿ ಕಣ್ಣು ಮುಚ್ಚದ ನಿಮ್ಮಣ್ಣನ್ನ ಕಾಯತೈತಿ. ಒಂದ್ ತಾಸರ ಮಲಗ್ಲಿ."

ಡಬ್ಬಿ ಬಂದ್ ಮಾಡಿದರೆ ಕರೆಂಟು ನೇರವಾಗಿ ಹಾಯುತ್ತಿತ್ತು. ಆಕ್ಸಿಜನ್ ಮಷೀನು ನಿಲ್ಲುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಬಂದ್ ಮಾಡಬೇಡ ಅಕ್ಕಾ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಗುರವಕ್ಕ ಒಬ್ಬಳಿಗೆ ಹೇಳಿದರೆ ನೀರು ಹಿಡಿಯುವ ಹೊತ್ತಿಗೆ ಓಣಿಗೆಲ್ಲ ಗೊತ್ತಾಗುತ್ತದೆ, ಅಲ್ಲಿಂದ ಸಾಹೇಬರ ಕಿವಿಗೆ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬಂದ್ ಆಗಿರುವ ಡಬ್ಬಿಗೆ ಕಳ್ಳ ಹೊಗಲಾರ. ಊರು ಡಬ್ಬಿ ಚಾಲೂ ಮಾಡುವ ಮೊದಲು ನಾನು ನನ್ನ ಕಂಪ್ಯೂಟರ್ ಚಾಲೂ ಮಾಡಿದರೆ ಸಾಕು. ಹೋದ ವರ್ಷ ಖಂಡೇಪೂಜೆಗಾಗಲಿ ದೀಪಾವಳಿಗಾಗಲಿ ಕಾವಲು ಇನ್ನೂ ಹುಟ್ಟಿರಲಿಲ್ಲ. ಹೀಗಾಗಿ ಈ ಲೆಕ್ಕವನ್ನು ನಾನು ಎಂದೂ ಪರೀಕ್ಷೆ ಮಾಡಿ ನೋಡಿರಲಿಲ್ಲ. "ಹೂಂ ಅಕ್ಕಾ," ಎಂದು ಮೆಟ್ಟಿಲು ಹತ್ತಿದೆ.

ನೇಕಾರ ಸಂಘ ಹಂಚಿದ ಚೀಟಿಯ ಪ್ರಕಾರ ಪೂಜೆಯ ಮುಹೂರ್ತ ಹತ್ತೂ ಹತ್ತರಿಂದ. ಮಗ್ಗ ಚಾಲೂ ಮಾಡಬೇಕಾದದ್ದು ಸರಿಯಾಗಿ ಹನ್ನೊಂದೂವರೆಗೆ. ಒಂದು ಮಾರು ನೇಯ್ದು ಮತ್ತೆ ನಿಲ್ಲಿಸಿ ಊಟಕ್ಕೆ ಕೂಡುವುದು ಊರಿನ ಪದ್ಧತಿ. ಆಫೀಸಿನಲ್ಲಿಯೂ ಹತ್ತಕ್ಕೆ ಯಂತ್ರಗಳನ್ನೆಲ್ಲ ಬಂದ್ ಮಾಡಿ, ವಿಭೂತಿ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟೆವು. ನನ್ನ ಹಳೆಯ ಕಂಪ್ಯೂಟರನ್ನು ನಾನೇ ಬಂದ್ ಮಾಡಿದೆ. ಅದೊಂದನ್ನೇ ಬಿಟ್ಟಿದ್ದರೆ, ಅದರಾಗ ಏನೈತ್ರೀ ಮೇಡಂ ಎಂದು ಯಾರಾದರೂ ಕೇಳುತ್ತಿದ್ದರು. ನಾನೇ ಕುಂಕುಮ ಹಚ್ಚಿದೆ, ನಾನೇ ಕೈ ಮುಗಿದೆ.

ಹನ್ನೊಂದಾದರೂ ಸಾಹೇಬರು ಬರಲಿಲ್ಲ. ಅವರು ಬಂದು ಆರತಿ ಮಾಡುವ ತನಕ ಯಂತ್ರ ಮುಟ್ಟುವಂತಿರಲಿಲ್ಲ. ಅವರು ನೇಕಾರ ಸಂಘದ ಅಧ್ಯಕ್ಷರ ಬಂಗಲೆಯ ಪೂಜೆಗೆ ಹೋಗಿದ್ದರು. ಫೋನ್ ಮಾಡಿದೆ.

"ಬಂದೆ ಬಂದೆ, ಹತ್ತ ನಿಮಿಷ."

ಹನ್ನೊಂದೂ ಕಾಲಿಗೆ ಮತ್ತೆ ಮಾಡಿದೆ. "ಏನ್ ಅವಸರ ಐತ್ರೀ ಪ್ರಮೀಳಾ? ಹಬ್ಬದ ದಿನಾನೂ ಡ್ಯೂಟಿ ಏನು?" ಎಂದು ನಕ್ಕು ಇಟ್ಟರು.

ಹನ್ನೊಂದೂವರೆಯವರೆಗೂ ನಾನು ಆ ಕತ್ತಲೆಯ ಪರದೆಯ ಮುಂದೆ ಕೈಕಟ್ಟಿ ಕುಳಿತಿದ್ದೆ. ಯಾರೂ ನನ್ನನ್ನು ಹಗ್ಗ ಹಾಕಿ ಕಟ್ಟಿರಲಿಲ್ಲ. ಬೆರಳು ಚಾಚಿದರೆ ಸ್ವಿಚ್ ಸಿಗುತ್ತಿತ್ತು. ಆರತಿಯಾಗದ ಯಂತ್ರ ಮುಟ್ಟಿದಳು ಎಂದು ನಾಲ್ಕು ಜನ ಅಂದಾರು ಎಂಬ ಸಂಕೋಚಕ್ಕೆ ಸುಮ್ಮನೆ ಕುಳಿತೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಹನ್ನೊಂದೂವರೆಗೆ ಕಿಟಕಿಯಿಂದ ಮಗ್ಗಗಳ ಸಪ್ಪಳ ಬಂತು. ದಿನಾ ಬೆಳಿಗ್ಗೆ ಆ ಸಪ್ಪಳ ಕೆರೆ ಓಣಿಯಿಂದ ಶುರುವಾಗಿ, ಹಳೇ ಪೇಟೆಗೆ ದಾಟಿ, ನಮ್ಮ ಓಣಿಗೆ ಬರಲು ಹತ್ತು ನಿಮಿಷ ಹಿಡಿಯುತ್ತಿತ್ತು. ಆ ದಿನ ಊರಿಗೆ ಊರೇ ಒಟ್ಟಿಗೆ ಖಟಪಟ ಎಂದಿತು. ಡಬ್ಬಿಗಳು ಸರದಿ ಮರೆತಿದ್ದವು. ಚಾಲೂ ಆದ ಗಳಿಗೆಯಲ್ಲೇ ಯಾರೋ ಅವುಗಳೊಳಗೆ ಹೊಕ್ಕು ಬೇರೆ ಕೆಲಸಕ್ಕೆ ಹಚ್ಚಿದ್ದರು. ನಾನು ಎದ್ದು ನಿಂತೆ. ಮೂರು ನಾಲ್ಕು ನಿಮಿಷ ಕಳೆದಿರಬಹುದು, ಸಪ್ಪಳ ಒಮ್ಮೆಲೇ ನಿಂತಿತು. ಸಬ್‌ಸ್ಟೇಷನ್ ಬಿದ್ದಿತ್ತು.

ಆಗ ಸ್ವಿಚ್ ಒತ್ತಿದೆ. ಕೇಂದ್ರಕ್ಕೆ ಜನರೇಟರ್ ಇತ್ತು.

"ಮೇಡಂ, ಆರತಿ ಆಗಿಲ್ರೀ," ಎಂದ ಹಿಂದಿನ ಮೇಜಿನವನು.

ಪರದೆಯ ಮೇಲೆ ೦ ಎಂದಿತ್ತು. ನಾಲ್ಕು ಸಾವಿರದ ನೂರಾ ಹನ್ನೆರಡು ಮನೆಗಳಲ್ಲಿ ಒಂದರಲ್ಲೂ ಕಾವಲಿರಲಿಲ್ಲ. ಬಾಗಿಲುಗಳನ್ನೆಲ್ಲ ಒಳಗಿನಿಂದ ಕಳ್ಳನೇ ಹಾಕಿಕೊಂಡಿದ್ದ. ಯಾರಾದರೂ ತಮ್ಮ ಡಬ್ಬಿಯನ್ನು ಇನ್ನೊಮ್ಮೆ ಬಂದ್ ಮಾಡಿ ಚಾಲೂ ಮಾಡಿದರೆ ಮಾತ್ರ ನನಗೆ ದಾರಿ. ಎಲ್ಲ ಮನೆಗಳಿಗೆ ಹಾಗೆ ಮಾಡಿರಿ ಎಂದು ಸಂದೇಶ ಕಳಿಸಿದೆ. ಆದರೆ ಡಬ್ಬಿಗಳ ಗದ್ದಲಕ್ಕೆ ಊರಿನ ಲೈನು ತುಂಬಿಹೋಗಿತ್ತು. ಫೋನು ಹತ್ತುತ್ತಿರಲಿಲ್ಲ. ಗುರವಕ್ಕನಿಗೆ ನಾಲ್ಕು ಸಲ ಮಾಡಿದೆ, ಮನೆಗೆ ಓಡಬೇಕು ಎಂದೂ ಅನಿಸಿತು. ಅಷ್ಟರಲ್ಲಿ ಪರದೆಯ ಮೇಲೆ ೧ ಮೂಡಿತು. ಯಾರೋ ಬೇಸತ್ತು ತಮ್ಮ ಡಬ್ಬಿಯನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದ್ದರು. ಆಮೇಲೆ ೯, ಆಮೇಲೆ ೪೦. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಹನ್ನೆರಡೂವರೆಗೆ ಮೂರು ಸಾವಿರ ದಾಟಿತು. ಗೆದ್ದೆ ಅನಿಸಿತು. ಆ ಹೊತ್ತಿನಲ್ಲಿ ನನಗೆ ಎಂಥ ಸಂತೋಷವಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಸಾಹೇಬರು ಬಂದರು. ಆರತಿ ಮಾಡಿದರು. ಚಾಲೂ ಇದ್ದ ನನ್ನ ಕಂಪ್ಯೂಟರ್ ನೋಡಿ ಮುಖ ಸಿಂಡರಿಸಿ, ನನ್ನ ಕೈಗೊಂದು ಪೇಢೆ ಇಟ್ಟರು.

ಪೇಢೆ ಬಾಯಲ್ಲಿದ್ದಾಗ ಲೈನು ತೆರೆಯಿತು. ನನ್ನ ಫೋನಿಗೆ ತಡೆದಿಟ್ಟ ಸೂಚನೆಗಳೆಲ್ಲ ಒಟ್ಟಿಗೆ ಬಂದವು. ಗುರವಕ್ಕ ಹನ್ನೊಂದು ಸಲ ಕರೆ ಮಾಡಿದ್ದಳು. ಮೊದಲನೆಯದು ಹನ್ನೊಂದೂ ಮೂವತ್ತೇಳಕ್ಕೆ, ಕೊನೆಯದು ಹನ್ನೆರಡೂ ನಾಲ್ಕಕ್ಕೆ. ಅದರ ಮೇಲೆ ಅವಳು ಮಾಡಿರಲಿಲ್ಲ.

ನಾನು ಹೋದಾಗ ಪಡಸಾಲೆಯಲ್ಲಿ ಓಣಿಯ ಹೆಂಗಸರು ಕುಳಿತಿದ್ದರು. ಮಲ್ಲೇಶಣ್ಣನ ಮೂಗಿನ ನಳಿಗೆಯನ್ನು ಇನ್ನೂ ತೆಗೆದಿರಲಿಲ್ಲ. ಗುರವಕ್ಕನ ಕೈಯಲ್ಲಿ ಸೀರೆಯ ಡಬ್ಬದ ರಟ್ಟು ಇತ್ತು. ಅದರಿಂದಲೇ ಅವನಿಗೆ ಗಾಳಿ ಹಾಕಿದ್ದಳು. ಗೋಡೆಯ ಮೇಲೆ ಡಬ್ಬಿಗೆ ಚೆಂಡುಹೂವಿನ ಮಾಲೆ, ಕುಂಕುಮ, ಅದರ ಕೆಳಗೆ ಹಸಿರು ದೀಪ.

"ಹಸರ ದೀಪ ಹತ್ತಿತ್ತು ಪ್ರಮೀಳಾ," ಎಂದಳು. "ಅದಕ್ಕ ನಾ ಮುಟ್ಟಲಿಲ್ಲ."

ಹಾಗೆಂದು ಅವಳಿಗೆ ಕಲಿಸಿದವಳು ನಾನೇ. ಆರು ವರ್ಷದ ಹಿಂದೆ ಸಂಘದ ಸಭಾಭವನದಲ್ಲಿ ಹೆಂಗಸರನ್ನೆಲ್ಲ ಕೂಡಿಸಿ, ಹಸಿರು ದೀಪ ಇದ್ದರೆ ಡಬ್ಬಿ ಸರಿಯಿದೆ, ಕೈಹಾಕಬೇಡಿ, ಅದೇ ಎಲ್ಲ ನೋಡಿಕೊಳ್ಳುತ್ತದೆ ಎಂದು ಮೂರು ಸಲ ಹೇಳಿಸಿದ್ದೆ. ಆ ದೀಪ ಹೇಳುವುದು ಡಬ್ಬಿಗೆ ಜೀವ ಇದೆ ಎಂದಷ್ಟೇ. ಒಳಗೆ ಯಾರಿದ್ದಾರೆ ಎಂದು ಅದು ಹೇಳುವುದಿಲ್ಲ. ತುಂಬಿದ ಬ್ಯಾಟರಿ ಅದರ ಹೊಟ್ಟೆಯಲ್ಲೇ ಇತ್ತು. ಡಬ್ಬಿ ಒಮ್ಮೆ ಈ ಕಡೆ ತಿರುಗಿ ನೋಡಿದ್ದರೆ ಮಷೀನು ನಾಲ್ಕು ತಾಸು ನಡೆಯುತ್ತಿತ್ತು. ಉಳಿದ ರೋಗಿಗಳ ಮನೆಯವರು ನನ್ನ ಮಾತು ಮೀರಿ ಡಬ್ಬಿಯನ್ನು ಬಂದ್ ಮಾಡಿ ಚಾಲೂ ಮಾಡಿದ್ದರಿಂದ ಅವರ ಮಷೀನುಗಳು ಮತ್ತೆ ನಡೆದಿದ್ದವು. ಹಳೆಯ ಆಕ್ಸಿಜನ್ ಸಿಲಿಂಡರನ್ನು, ಇನ್ನು ಡಬ್ಬಿ ಇದೆಯಲ್ಲ ಎಂದು ನಮ್ಮ ಕೇಂದ್ರವೇ ಲಾರಿ ತಂದು ಹೊತ್ತೊಯ್ದಿತ್ತು.

ಒಂದು ವಾರದಲ್ಲಿ ತನಿಖೆ ಮುಗಿಯಿತು. ಪರಿಣತರು ಬಂದು ಡಬ್ಬಿಗಳನ್ನು ಬಿಚ್ಚಿ ನೋಡಿದರು. ಅಷ್ಟರಲ್ಲಿ ಸಾಹೇಬರ ಆದೇಶದಂತೆ ಎಲ್ಲವನ್ನೂ ಬಂದ್ ಮಾಡಿಟ್ಟಿದ್ದರು. ಕಳ್ಳನೂ ಇರಲಿಲ್ಲ, ಕಾವಲೂ ಇರಲಿಲ್ಲ. ಒಂದು ಗುರುತೂ ಸಿಗಲಿಲ್ಲ. ನಾನು ಬಾಯಿ ಬಿಡಲಿಲ್ಲ. ತನಿಖೆ ಮುಗಿದೊಡನೆ ಡಬ್ಬಿಗಳು ಮತ್ತೆ ಚಾಲೂ ಆದವು, ಈ ಸಲ ನನ್ನ ಕಂಪ್ಯೂಟರ್ ಮೊದಲೇ ಎದ್ದಿತ್ತು. ವರದಿಯ ಕೊನೆಯ ಸಾಲು ಹೀಗಿತ್ತು: ಗ್ರಾಹಕರು ಸೂಚನೆ ಮೀರಿ ಉಪಕರಣವನ್ನು ಸ್ವಿಚ್ ಆಫ್ ಮಾಡಿದ್ದರಿಂದ ಅದರ ಕಾರ್ಯದಲ್ಲಿ ವ್ಯತ್ಯಯ ಉಂಟಾಗಿದೆ.

ಆ ದಿನ ನಮ್ಮ ಡಬ್ಬಿಗಳು ಯಾರ ಮೇಲೆ ಮುಗಿಬಿದ್ದಿದ್ದವು ಎಂಬುದನ್ನು ನಾನು ಹುಡುಕಿ ತೆಗೆದೆ. ಸಮುದ್ರದಾಚೆ ಯಾವುದೋ ದೇಶದಲ್ಲಿ ಇಸ್ಪೀಟು ಆಡಿಸುವ ಒಂದು ವೆಬ್‌ಸೈಟು. ಅವರ ದೊಡ್ಡ ಪಂದ್ಯ ಕೆಡಿಸಲು ಎದುರಾಳಿ ಕಂಪನಿ ಈ ದಂಡನ್ನು ಬಾಡಿಗೆಗೆ ಹಿಡಿದಿತ್ತು. ಆಟ ಹನ್ನೆರಡು ನಿಮಿಷ ನಿಂತಿತ್ತಂತೆ. ಆಡುವವರಿಗೆ ತೊಂದರೆಯಾದದ್ದಕ್ಕೆ ಕ್ಷಮೆ ಕೋರಿ ಅವರು ಒಂದು ಪ್ರಕಟಣೆ ಹಾಕಿದ್ದರು. ಮಲ್ಲೇಶಣ್ಣ ಅವರಿಗೆ ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಹೀಗೊಬ್ಬನಿದ್ದ ಎಂಬುದೇ ಅವರಿಗೆ ಗೊತ್ತಿಲ್ಲ.

ಒಂಬತ್ತನೆಯ ದಿನ ಸಂಜೆ ಗುರವಕ್ಕ ನನ್ನನ್ನು ಕೆಳಗೆ ಕರೆದಳು. ವರದಿಯ ಪ್ರತಿ ಅವಳ ಮಡಿಲಲ್ಲಿತ್ತು. ಯಾರೋ ಓದಿ ಹೇಳಿದ್ದರು.

"ನಾನಽ ಕೊಂದೆ ಅಂತ ಬರದಾರಲ್ಲ?" ಎಂದಳು. ಅಳಲಿಲ್ಲ. "ಖರೇ ಐತಿ ಬಿಡು. ಕುಂಕುಮ ಹಚ್ಚಾಕಂತ ಬಂದ್ ಮಾಡಿದೆ. ಅದಕ್ಕ ಸಿಟ್ಟು ಬಂತೇನೋ. ಇಪ್ಪತ್ತೆಂಟು ವರ್ಷ ಬಾಳೇವು ಮಾಡಿ, ಒಂದ್ ಹೂವಿನ ಸಲುವಾಗಿ ಕಳಕೊಂಡೆ."

ನನಗೆ ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಪಿನ್‌ಕೋಡು, ಕಳ್ಳ, ಕಾವಲು, ನನ್ನ ಹೆದರಿಕೆ, ಆರತಿಗಾಗಿ ಕಾದು ಕುಳಿತದ್ದು, ಪೇಢೆ. ಅವಳು ಡಬ್ಬಿಯನ್ನೇ ನೋಡುತ್ತ ಕೇಳಿದಳು. ಎಷ್ಟು ತಿಳಿಯಿತೋ ಗೊತ್ತಿಲ್ಲ.

"ಬಂದ್ ಮಾಡಬ್ಯಾಡ ಅಕ್ಕಾ ಅಂದಿದ್ರ ಮಾಡ್ತಿರಲಿಲ್ಲ," ಎಂದಳು. "ಯಾಕ ಅಂತನೂ ಕೇಳ್ತಿರಲಿಲ್ಲ. ನೀ ಹೇಳಿದ್ದು ಏನ್ ಕೇಳಿಲ್ಲ ನಾನು?"

ಅವಳು ಮಡಿಲಲ್ಲಿದ್ದ ವರದಿಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಇಂಥಾ ಮಷೀನಿನ ಮ್ಯಾಲೆ ಇರೋರು ಊರಾಗ ಎಷ್ಟ ಮಂದಿ ಅದಾರ?"

"ಅರವತ್ತೆರಡು," ಎಂದೆ. ನಾಲಿಗೆ ಕಚ್ಚಿಕೊಂಡೆ. "ಅರವತ್ತೊಂದು."

"ದೀಪಾವಳಿಗೆ ಲಕ್ಷ್ಮೀಪೂಜಾ ಮಾಡೂವಾಗ ಮತ್ತ ಬಂದ್ ಮಾಡ್ತಾರ ಎಲ್ಲಾರೂ. ಅವರಿಗೆ ಹೇಳೀಯೇನು?"

ನಾನು ತಲೆ ತಗ್ಗಿಸಿದೆ. ದೀಪಾವಳಿಗೆ ಹತ್ತು ಹನ್ನೆರಡು ದಿನ ಉಳಿದಿತ್ತು.

ಗುರವಕ್ಕ ಎದ್ದಳು. ಗಂಡನ ದಿನಕಾರ್ಯ ಮುಗಿಯುವ ತನಕ ಅವಳು ಹೊಸ್ತಿಲು ದಾಟುವಂತಿರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ಬಾಗಿಲಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡಳು.

"ನಡಿ," ಎಂದಳು.

"ಅಕ್ಕಾ, ನನ್ನ ನೌಕರಿ..."

ಅವಳು ತಿರುಗಿ ನನ್ನ ಮುಖ ನೋಡಿದಳು, ಅಷ್ಟೇ. ನಾನು ಹಿಂದೆ ಹೋದೆ. ಮೊದಲನೆಯ ಮನೆ ಎದುರಿನದೇ. ಒಳಗಿನಿಂದ ಆಕ್ಸಿಜನ್ ಮಷೀನಿನ ಸಣ್ಣ ಗುರ್ ಸಪ್ಪಳ ಕೇಳುತ್ತಿತ್ತು. ಗುರವಕ್ಕ ಬಾಗಿಲು ಬಡಿದಳು, ಆಮೇಲೆ ಪಕ್ಕಕ್ಕೆ ಸರಿದು ನನ್ನನ್ನು ಮುಂದೆ ನಿಲ್ಲಿಸಿದಳು.